ಅಬ್ಬಲಿಗೆ ಬೀಜಕ್ಕೆ ನೀರು ಚಿಮುಕಿಸಿದ್ದು

ಸ್ನೇಹಿತರೇ, ಕಾಸರಗೋಡಿಗೆ ಅಬ್ಬಲಿಗೆ ಹೂ ತಂದವನೇ ನಾನು. ಅದಕ್ಕೆ ಮೊದಲು ಇಲ್ಲಿಯ ಹೆಂಗಸರು ಬರೀ ಎಲೆ ಮುಡಿಯುತ್ತಿದ್ದರು.

ಇಂದು ಬಂದ್ಯೋಡಿನ ಫೆಲ್ಸಿ ಬಾಯಿ ಬಿತ್ತಲಿಕ್ಕೆಂದು ಬೀಜ ತುಂಬಿದ ಒಣತೆನೆ ಕೊಳ್ಳಲು ಬಂದರು. ತೂಕದ ಮೇಲೆ ಮಾತಾಯಿತು. ಅವರು ರಿಕ್ಷಾದಿಂದ ಚೀಲ ತರಲು ಹೋದಾಗ, ತೂಕ ಸ್ವಲ್ಪ ಏರಲಿ ಎಂದು ಬುಟ್ಟಿಗೆ ನೀರು ಚಿಮುಕಿಸಿದೆ. ಹೂವಿಗೆ ಯಾವಾಗಲೂ ಹಾಗೆಯೇ ಮಾಡುವುದು. ಒಣತೆನೆಗೆ ನೀರು ತಾಗಿದರೆ ಸಿಡಿಯುತ್ತದೆ ಎಂಬುದು ಮರೆತೇ ಹೋಗಿತ್ತು. ಬೀಜವೆಲ್ಲ ಚಟಚಟನೆ ಅಂಗಳಕ್ಕೆ ಹಾರಿತು. ಕೋಳಿಗಳು ಓಡಿ ಬಂದವು.

"ಎಂತ ಅಣ್ಣ ಇದು?" ಬಾಯಿ ಕೇಳಿದರು.

"ಬಿಸಿಲಿಗೆ ಸಿಡಿದದ್ದು ಬಾಯಮ್ಮ."

"ಬಿಸಿಲಿಗೆ ಬುಟ್ಟಿ ಒದ್ದೆಯಾಗುವುದುಂಟಾ ಮಾರಾಯ್ರೆ?" ಎನ್ನುತ್ತ ಖಾಲಿ ಚೀಲ ಮಡಚಿ ರಿಕ್ಷಾ ಹತ್ತಿದರು.

ಪೇಟೆಯಲ್ಲಿ ಐದು ಸಾವಿರ ನಷ್ಟ ಎಂದು ಹೇಳಿದ್ದೇನೆ. ನಿಜವಾಗಿ ಹೋದದ್ದು ಇನ್ನೂರ ನಲವತ್ತು ರೂಪಾಯಿ.