ಕಾದಂಬರಿಯಲ್ಲಿ ಹಾಗಿಲ್ಲ

ಸಿನಿಮಾ ನೋಡಿ ಖುಷಿಯಾಗಿ ಬಂದವರ ಪಕ್ಕದಲ್ಲಿ ಕೂತು "ಕಾದಂಬರಿಯಲ್ಲಿ ಹಾಗಿಲ್ಲ" ಅನ್ನುವುದು ನನ್ನ ಚಾಳಿ. ಹೊನ್ನಾಳಿಯ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ಶನಿವಾರ ಮಧ್ಯಾಹ್ನ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಮೂಕಿಚಿತ್ರಗಳಿಂದ ಹಿಡಿದು ಮೊನ್ನೆ ಮೊನ್ನೆಯ ದೆವ್ವದ ಚಿತ್ರಗಳವರೆಗೆ ತೋರಿಸುತ್ತೇನೆ, ಆಮೇಲೆ ಜಗಳ ಆಡುತ್ತೇನೆ. ಪುಸ್ತಕದಿಂದ ತೆಗೆದ ಚಿತ್ರವಾದರಂತೂ ಮುಗಿಯಿತು. ಯಾವ ಪಾತ್ರವನ್ನು ಕೈಬಿಟ್ಟರು, ಯಾರನ್ನು ಸುಮ್ಮನೆ ಸಾಯಿಸಿದರು ಎಂದು ಹೇಳದಿದ್ದರೆ ನನಗೆ ಉಂಡ ಅನ್ನ ಅರಗುವುದಿಲ್ಲ.

ಇದಕ್ಕೆ ಸೊಪ್ಪು ಹಾಕದವಳು ಬಸವಾಪಟ್ಟಣದ ನಮ್ಮ ದೊಡ್ಡಮ್ಮ ಒಬ್ಬಳೇ. ಅಡಿಕೆ ಸುಗ್ಗಿಯಲ್ಲಿ ಅವಳ ಮನೆಯ ಹಿಂದಿನ ತಗಡಿನ ಚಪ್ಪರದಲ್ಲಿ ಓಣಿಯ ಹೆಂಗಸರು ಸೇರುತ್ತಾರೆ. ಮಣೆಗೆ ಬಿಗಿದ ಕತ್ತಿಯ ಮುಂದೆ ಸಾಲಾಗಿ ಕೂತು ಹಸಿ ಅಡಿಕೆ ಸುಲಿಯುತ್ತಾರೆ. ದೊಡ್ಡಮ್ಮ ಸುಲಿಯುತ್ತಲೇ ತಾನು ನೋಡಿದ ಸಿನಿಮಾದ ಕತೆ ಹೇಳುತ್ತಾಳೆ. ಅವಳ ಅಜ್ಜಿ ಮೂಕಿಚಿತ್ರದ ಡೇರೆಗೆ ಹೋಗಿ, ತೆರೆಯ ಪಕ್ಕ ನಿಂತು ಒಬ್ಬಾತ ಕತೆ ವಿವರಿಸುತ್ತಿದ್ದುದನ್ನು ಕೇಳಿ ಬಂದು, ಮನೆಯಲ್ಲಿದ್ದವರಿಗೆ ಅದನ್ನೇ ಒಪ್ಪಿಸುತ್ತಿದ್ದಳಂತೆ. ಆ ಬಾಯಿಯೇ ಇವಳಿಗೂ ಬಂದಿದೆ.

ಕತೆ ಶುರುವಾದ ಮೇಲೆ ಚಪ್ಪರದಲ್ಲಿ ಯಾರೂ ಏಳುವಂತಿಲ್ಲ. ಎಲ್ಲರ ಕೈಯೂ ಕತ್ತಿಯ ಮೇಲಿರುತ್ತದೆ, ಒಬ್ಬಳು ದಡಕ್ಕನೆ ಎದ್ದರೆ ಉಳಿದವರ ಕಣ್ಣು ಅತ್ತ ಹೋಗುತ್ತದೆ, ಬೆರಳು ಕುಯ್ದುಹೋಗುತ್ತದೆ. ನಡುವೆ ಬಂದವರು ಯಾರೇ ಆಗಲಿ, ಅಡಿಕೆಯ ಯಜಮಾನನೇ ಆಗಲಿ, ಮುಗಿಯುವ ತನಕ ಕೂರಬೇಕು.

ಒಮ್ಮೆ ನಾನು ತಡೆಯಲಾರದೆ, "ದೊಡ್ಡಮ್ಮಾ, ಕಾದಂಬರಿಯಲ್ಲಿ ಹಾಗಿಲ್ಲ" ಅಂದಿದ್ದೆ.

"ಇಲ್ಲಿ ಕಾದಂಬ್ರಿ ಓದಿದೋರು ಯಾರು ಐದಾರೆ? ನಿನ್ನೊಬ್ಬಳಿಗೇ ಹೊಟ್ಟೆನೋವು. ಸುಮ್ನೆ ಸುಲಿ" ಅಂದಳು. ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು, ಆದರೂ ಸುಲಿದೆ.

ಹೋದ ಸುಗ್ಗಿಯಲ್ಲಿ ಆ ಸಾಲಿನ ತುದಿಗೆ ಒಬ್ಬ ಹುಡುಗಿ ಬಂದು ಕೂರುತ್ತಿದ್ದಳು. ದೊಡ್ಡಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ಅವಳನ್ನು ಕೊಟ್ಟದ್ದು ಜಗಳೂರಿನ ಕಡೆಗೆ. ಗಂಡ ಮುರಿದಿದ್ದ ಕಿರುಬೆರಳು ಸೊಟ್ಟಗೇ ಕೂಡಿಕೊಂಡಿತ್ತು, ಸುಲಿಯುವಾಗ ಅದೊಂದು ಮಾತ್ರ ಗಾಳಿಯಲ್ಲಿ ನಿಲ್ಲುತ್ತಿತ್ತು. ನ್ಯಾಮತಿಯಲ್ಲಿರುವ ಅಣ್ಣ ಈ ಹಿಂದೆ ಎರಡು ಸಲ ಬುದ್ಧಿವಾದ ಹೇಳಿ ಅವಳನ್ನು ಗಂಡನ ಮನೆಗೇ ಬಿಟ್ಟು ಬಂದಿದ್ದ. ಮೂರನೇ ಸಲ ಅವಳು ಯಾರಿಗೂ ಹೇಳದೆ ಇಲ್ಲಿಗೆ ಬಂದಿದ್ದಳು. "ಇನ್ನೊಂದ್ ಸಲ ಹೋದ್ರೆ ನಾನು ಜೀವಂತ ವಾಪಸ್ ಬರಲ್ಲ ದೊಡ್ಡವ್ವ" ಅಂದಿದ್ದಳು. ಅದು ಸುಮ್ಮನೆ ಆಡಿದ ಮಾತು ಎಂದು ನಮ್ಮಲ್ಲಿ ಯಾರಿಗೂ ಅನ್ನಿಸಲಿಲ್ಲ.

ಒಂದು ಮಧ್ಯಾಹ್ನ ದೊಡ್ಡಮ್ಮ ರೋಮಾಂಚಕ ಚಿತ್ರವೊಂದರ ಕತೆ ಹಿಡಿದಿದ್ದಳು. ಸೇತುವೆಯಿಲ್ಲದ ಹೊಳೆ, ಆಚೆ ದಡದಲ್ಲಿ ಒಂಟಿ ಬಂಗಲೆ, ಒಳಗೆ ಹೊಸ ಹೆಂಡತಿ. ಇರುವುದೊಂದೇ ದೋಣಿ, ಅದು ಗಂಡನ ಕೈಯಲ್ಲಿ. ಕತೆ ಅಲ್ಲಿಗೆ ಬಂದಿದ್ದಾಗ ಬಾಗಿಲ ಮುಂದೆ ಕಾರು ನಿಂತಿತು. ಇಸ್ತ್ರಿ ಅಂಗಿ ತೊಟ್ಟವನೊಬ್ಬ ಬಾಳೆಹಣ್ಣು, ಮಲ್ಲಿಗೆ ಹಿಡಿದು ಚಪ್ಪರದೊಳಗೆ ಬಂದ. ಹುಡುಗಿಯ ಕೈ ನಿಂತಿತು. ಅವನು ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ.

"ನಮಸ್ಕಾರ ರೀ ಅಮ್ಮಾ. ನಮ್ಮನೆಯೋಳನ್ನ ಕರ್ಕಂಡು ಹೋಗಾಕೆ ಬಂದೀನಿ" ಅಂದ. ಎಂಥ ಮೆತ್ತಗಿನ ದನಿ! ಅವನು ಕೂಗಾಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ದೊಡ್ಡಮ್ಮ ತಲೆ ಎತ್ತಲಿಲ್ಲ. "ಬರ್ರಿ, ಕೂತ್ಕಳ್ರಿ. ಕತೆ ನಡೀತಾ ಐತೆ, ಮುಗೀಲಿ. ಇಲ್ಲಿ ನಡುವೆ ಯಾರೂ ಏಳಲ್ಲ, ಕತ್ತಿ ಐದಾವೆ."

ಜನರ ಮುಂದೆ ಅವನು ಮಹಾ ಮರ್ಯಾದಸ್ಥ. ಖಾಲಿ ಚೀಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

ನನ್ನ ಮೊಬೈಲು ಸೆರಗಿನ ಮರೆಯಲ್ಲಿತ್ತು. ಪೊಲೀಸರಿಗೆ ಮಾಡಲಾ ಎಂದು ಹುಡುಗಿಗೆ ಕಣ್ಣಲ್ಲೇ ಕೇಳಿದೆ. ಬೇಡವೆಂದು ತಲೆಯಾಡಿಸಿ, ತುಟಿಯಲ್ಲೇ "ಅಣ್ಣ" ಅಂದಳು. ಎರಡು ಸಲ ವಾಪಸ್ ಬಿಟ್ಟು ಬಂದವನಾದರೂ ಅವಳಿಗಿದ್ದವನು ಅವನೊಬ್ಬನೇ; ಅವಳು ಮೊದಲೇ ಕೊಟ್ಟಿದ್ದ ಅವನ ನಂಬರಿಗೆ ವಿಳಾಸ ಹಾಕಿ ಮೆಸೇಜು ಕಳಿಸಿದೆ. "ಹೊರಟೆ" ಎಂದು ಉತ್ತರ ಬಂತು. ನ್ಯಾಮತಿಯಿಂದ ಹೊನ್ನಾಳಿ ದಾಟಿ ಬೈಕಿನಲ್ಲಿ ಬರಬೇಕು, ಗಂಟೆಗೂ ಮೀರಿದ ದಾರಿ. ದೊಡ್ಡಮ್ಮ ನನ್ನ ಕಡೆ ನೋಡಿದಳು. ಬರುತ್ತಿದ್ದಾನೆ, ಆದರೆ ತಡವಾಗುತ್ತದೆ ಎಂದು ಸನ್ನೆ ಮಾಡಿದೆ. ಅವಳು ಹಣ್ಣಾಗಿಹೋದ ಗೋಟಡಿಕೆಯೊಂದನ್ನು ಬದಿಗೆಸೆದು ಕತೆಯನ್ನು ಎಳೆಯತೊಡಗಿದಳು.

ಬಂಗಲೆಯೊಳಗೆ ದೆವ್ವ ಬಂತು. ಅದು ಬೇರೆ ಚಿತ್ರದ ದೆವ್ವ. ಆಮೇಲೆ ಏಳು ಹೆಡೆಯ ಸರ್ಪ ಬಂತು, ಅದು ಪೌರಾಣಿಕ ಚಿತ್ರದ್ದು. ಸರ್ಪ ಹೋದ ಮೇಲೆ ಕರಿಕೋಟಿನ ಪತ್ತೇದಾರ ಬಂದು ಅಡುಗೆಯವನನ್ನು ವಿಚಾರಿಸತೊಡಗಿದ. ಒಂದಕ್ಕೊಂದು ಸಂಬಂಧವಿಲ್ಲದ ಚಿತ್ರಗಳನ್ನು ಅವಳು ಹರಿದ ದುಪಟಿಗೆ ತೇಪೆ ಹಾಕಿದಂತೆ ಹೊಲಿಯುತ್ತಿದ್ದಳು. ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ. ಅಂದು ಒಂದೊಂದು ತೇಪೆಗೂ ಮೊಬೈಲಿನಲ್ಲಿ ಗಂಟೆ ನೋಡುತ್ತಿದ್ದೆ. ಹೊರಗೆ ಬಾಡಿಗೆ ಕಾರಿನವನು ಹಾರ್ನ್ ಒತ್ತಿದ. ಹೆಂಗಸರು ಯಾರೂ ತಲೆ ಎತ್ತದೆ ಸುಲಿಯುತ್ತಲೇ ಇದ್ದರು.

ಅವನು ಮುಗುಳುನಕ್ಕ.

"ಅಮ್ಮಾ, ತಪ್ಪು ತಿಳ್ಕಬ್ಯಾಡ್ರಿ. ಈ ಪಿಚ್ಚರ್ ನಾನೂ ನೋಡಿದೀನಿ. ಇದ್ರಾಗೆ ದೆವ್ವ ಇಲ್ಲ, ಹಾವೂ ಇಲ್ಲ. ಗಂಡ ಬಂದು ದೋಣಿ ಹತ್ತು ಅಂತಾನೆ, ಹತ್ತುತಾಳೆ. ನಡುನೀರಾಗೆ ದೋಣಿ ಮಗುಚತೈತೆ. ಅವ್ಳು ಸಾಯ್ತಾಳೆ. ಅಲ್ಲಿಗೆ ಮುಗೀತು. ಏಳೇ, ಹೋಗಾನ."

ಹುಡುಗಿ ಏಳಲು ಮಂಡಿ ಊರಿದಳು. ಆ ದನಿಗೆ ಏಳುವುದು ಅವಳ ಮೈಗೆ ರೂಢಿಯಾಗಿತ್ತು.

"ನೀವು ನೋಡಿದ್ದು ಸಿನಿಮಾ. ನಾನು ಹೇಳ್ತಿರೋದು ಕಾದಂಬ್ರಿದು" ಅಂದಳು ದೊಡ್ಡಮ್ಮ. "ಸಿನಿಮಾದೋರು ಬದ್ಲಾಯಿಸಿದಾರೆ. ಬೇಕಾದ್ರೆ ಇವಳನ್ನ ಕೇಳ್ರಿ, ಕಾಲೇಜಾಗೆ ಇದೇ ಪಾಠ ಮಾಡ್ತಾಳೆ."

ಅವನು ನನ್ನ ಕಡೆ ತಿರುಗಿದ. "ಹೌದೇನ್ರಿ ಮೇಡಂ?"

ಆ ಚಿತ್ರ ಯಾವ ಕಾದಂಬರಿಯಿಂದಲೂ ಬಂದದ್ದಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಪುಸ್ತಕದ ಒಂದು ಸಾಲು ಬದಲಾದರೂ ಹುಡುಗರ ಮುಂದೆ ಕುಣಿದಾಡುವ ನಾನು, ನೆಟ್ಟಗೆ ಕೂತು ಹೇಳಿದೆ: "ಹೌದು. ಕಾದಂಬರಿಯಲ್ಲಿ ಹಾಗಿಲ್ಲ. ಅವಳು ಸಾಯುವುದಿಲ್ಲ."

"ಮತ್ತೆ ಏನಾಗ್ತಾಳೆ?"

ಈಗ ನಾನು ಹೇಳಲೇಬೇಕು. ಮಾತು ಕಟ್ಟಲು ಬಾರದೆ, ಮೂಕಿಚಿತ್ರವನ್ನು ವಿವರಿಸುವಂತೆ ಕಂಡದ್ದನ್ನಷ್ಟೇ ಹೇಳುತ್ತಾ ಹೋದೆ. ಹೆಂಡತಿ ಕಿಟಕಿ ತೆರೆಯುತ್ತಾಳೆ. ದೀಪ ಆರಿಸುತ್ತಾಳೆ. ಮೆಟ್ಟಿಲು ಇಳಿಯುತ್ತಾಳೆ. ಗಂಡ ದಡದಲ್ಲಿ ನಿಂತಿದ್ದಾನೆ, ಒಂದು ಕೈಯಲ್ಲಿ ಹಗ್ಗ, ಒಂದು ಕೈ ಅವಳತ್ತ. ಅವಳು ಒಂದು ಹೆಜ್ಜೆ ಇಡುತ್ತಾಳೆ, ನಿಲ್ಲುತ್ತಾಳೆ. ಇನ್ನೊಂದು ಹೆಜ್ಜೆ ಇಡುತ್ತಾಳೆ. ಬಂಗಲೆಯಿಂದ ದೋಣಿಯವರೆಗಿನ ದಾರಿಯನ್ನು ನಾನು ಎಷ್ಟು ಉದ್ದ ಮಾಡಿದೆನೋ ದೇವರೇ ಬಲ್ಲ. ಹೊತ್ತು ಇಳಿಯುತ್ತಾ ಬಂತು. ಹಾರ್ನ್ ಮತ್ತೆ ಮತ್ತೆ ಕೂಗಿತು. ಅವನ ಮುಗುಳುನಗೆ ಹೋಗಿತ್ತು, ಮಲ್ಲಿಗೆಯ ದಂಡೆ ಅವನ ಮುಷ್ಟಿಯಲ್ಲಿ ಹಿಸುಕಿಹೋಗಿತ್ತು.

ಬೈಕಿನ ಸದ್ದು ಕೇಳಿತು. ಕಡೇ ಗಳಿಗೆಯಲ್ಲಿ ಯಾರೋ ಬಂದು ಉಳಿಸುವ ಸಿನಿಮಾಗಳನ್ನು ಅಗ್ಗದ ಕಸುಬು ಎಂದು ನಾನು ತರಗತಿಯಲ್ಲಿ ಆಡಿಕೊಂಡದ್ದುಂಟು. ಅಂದು ಆ ಸದ್ದಿಗೆ ಕಣ್ಣಲ್ಲಿ ನೀರು ಬಂತು.

ಅಣ್ಣ ಮೈತುಂಬ ಧೂಳು ಹೊತ್ತು ಬಂದ. ತಂಗಿಯನ್ನು ನೋಡಿದ, ಭಾವನನ್ನು ನೋಡಿದ. "ಯಾವಾಗ ಬಂದ್ರಿ ಭಾವ? ಊಟ ಆತಾ?" ಅಂದ. ಆಮೇಲೆ ನೆಲ ನೋಡುತ್ತಾ, "ಹೋಗು ತಂಗಿ. ಅವರೇ ಕರಿಯಾಕೆ ಬಂದಾರೆ. ಇದೊಂದ್ ಸಲ ಹೋಗಿ ನೋಡು" ಅಂದ.

ನಾವು ಅಷ್ಟು ಹೊತ್ತು ಕತೆ ಎಳೆದದ್ದು ಇವನಿಗಾಗಿ.

"ಕತೆ ಮುಗೀತಲ್ಲ" ಎನ್ನುತ್ತಾ ಗಂಡ ಎದ್ದು ನಿಂತ.

"ಮುಗಿದಿಲ್ಲ" ಎಂದಿತು ಸಾಲಿನ ತುದಿಯ ದನಿ.

ಅಷ್ಟು ಹೊತ್ತೂ ಏಳಲು ಸಿದ್ಧಳಾದಂತೆ ಒಂದು ಮಂಡಿ ಊರಿಯೇ ಇದ್ದ ಹುಡುಗಿ ಅದನ್ನು ಮತ್ತೆ ಮಡಚಿ ಕೂತಿದ್ದಳು. ಬುಟ್ಟಿಯಿಂದ ಒಂದು ಅಡಿಕೆ ತೆಗೆದುಕೊಂಡಳು. ಸುಲಿದಳು. "ಅವ್ಳು ದೋಣಿ ತಂಕ ಬರ್ತಾಳೆ. ಅವ್ನು ಹತ್ತು ಅಂತಾನೆ. ಅವ್ಳು ಹತ್ತಲ್ಲ. ಅವ್ರಣ್ಣ ಬಂದು ಹತ್ತು ಅಂತಾನೆ. ಆಗ್ಲೂ ಹತ್ತಲ್ಲ. ದಡದಾಗೇ ಕುಂತ್ಕತಾಳೆ. ಕಾದಂಬ್ರಿಯಾಗೆ ಹಂಗೈತೆ."

"ಏನಂದೆ?" ಎನ್ನುತ್ತಾ ಅವನು ಒಂದು ಹೆಜ್ಜೆ ಮುಂದಿಟ್ಟ. ಮೆತ್ತಗಿನ ದನಿ ಆಗ ಒಡೆಯಿತು. ಅದುವರೆಗೆ ತಲೆ ಎತ್ತದ ಹೆಂಗಸರೆಲ್ಲ ಒಟ್ಟಿಗೆ ತಲೆ ಎತ್ತಿದರು. ಯಾರೂ ಏಳಲಿಲ್ಲ. ಅಣ್ಣ ಆ ಮುಖಗಳನ್ನು ನೋಡಿದ, ತಂಗಿಯ ಸೊಟ್ಟ ಬೆರಳನ್ನು ನೋಡಿದ. ಆಮೇಲೆ ಹೋಗಿ ಅವಳಿಗೂ ಭಾವನಿಗೂ ನಡುವೆ ಸಿಪ್ಪೆಯ ರಾಶಿಯ ಮೇಲೇ ಕೂತುಬಿಟ್ಟ. "ಹೇಳವ್ವ, ಕೇಳ್ತೀನಿ" ಅಂದ.

ಕತೆಯ ನಡುವೆ ಎದ್ದು ಹೋದವನು ಆ ಚಪ್ಪರದಲ್ಲಿ ಅವಳ ಗಂಡನೊಬ್ಬನೇ. ಕಾರು ಹೊರಟ ಸದ್ದು ದೂರವಾಗುವವರೆಗೂ ಅವಳು ಅದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತಿದ್ದಳು: ಹತ್ತಲ್ಲ, ಹತ್ತಲ್ಲ.

ಸುಗ್ಗಿ ಮುಗಿದ ಮೇಲೆ ಒಂದು ದಿನ ಹುಡುಗಿ ಬಸ್‌ಸ್ಟ್ಯಾಂಡಿನವರೆಗೆ ನನ್ನ ಜೊತೆ ಬಂದಳು. ಆ ದಿನದ ಸುಳ್ಳನ್ನು ನಾನು ಅವಳ ಮುಂದೆ ಇನ್ನೂ ಒಪ್ಪಿಕೊಂಡಿರಲಿಲ್ಲ. "ನಿಜ ಹೇಳಬೇಕು ಅಂದರೆ, ಆ ಕಾದಂಬರಿ ಇಲ್ಲವೇ ಇಲ್ಲ ಕಣಮ್ಮ" ಅಂದೆ.

"ಗೊತ್ತೈತೆ ಅಕ್ಕಾ. ಆ ಪಿಚ್ಚರ್ ನಾನೂ ನೋಡಿದೀನಿ. ಮದ್ವೆಯಾದ ಹೊಸದ್ರಾಗೆ ಅವ್ರೇ ಕರ್ಕಂಡು ಹೋಗಿದ್ರು. ದೋಣಿ ಮಗುಚಿದಾಗ ಎಲ್ಲಾ ತೆರೆ ನೋಡ್ತಿದ್ರು. ಅವ್ರು ನನ್ನ ಮುಖ ನೋಡ್ತಿದ್ರು."

ಬಸ್ಸು ಬಂತು. ನನ್ನ ಚೀಲವನ್ನು ಅವಳೇ ಮೇಲೆತ್ತಿ ಕೊಟ್ಟಳು.