ಲೇ ಅಂದರೆ ಏಳುವ ನಾಯಿ

ನಮ್ಮ ಬೀದಿಯ ಕೊಂಡಮ್ಮನನ್ನು ನೀವು ನೋಡಿಲ್ಲ. ನಮ್ಮ ಬೀದಿಗೆ ಬಂದಿದ್ದರೆ ಅವಳಿಗಿಂತ ಮೊದಲು ಅವಳ ನಾಯಿ ನಿಮ್ಮನ್ನು ನೋಡಿರುತ್ತಿತ್ತು. ಸಿಂಗಡು ಅಂತ ಹೆಸರು. ಒಮ್ಮೆ ಮಂಡಿಕಲ್ಲಿನಿಂದ ಹೊರಟ ಬಸ್ಸಿನ ಹಿಂದೆ ಓಡಿ, ಬಸ್ಸಿಗಿಂತ ಮೊದಲೇ ಗೌರಿಬಿದನೂರು ಸೇರಿ, ಇಷ್ಟು ಹೊತ್ತಾ ಅಂತ ಕಂಡಕ್ಟರನಿಗೇ ಬೊಗಳಿದವನು. ನಂಬದಿದ್ದರೆ ಕಂಡಕ್ಟರನನ್ನು ಕೇಳಿ. ಪಾಪ, ನಾಚಿಕೊಂಡು ಬೇರೆ ಡಿಪೋಗೆ ಹೋಗಿಬಿಟ್ಟ.

ಕೊಂಡಮ್ಮ ಹಿಂದೂಪುರದ ಕಡೆಯ ಹೆಣ್ಣು. ಗಂಡ ಹೋದ ಮೇಲೆ ಹಿಪ್ಪುನೇರಳೆ ತೋಟಕ್ಕೂ ರೇಷ್ಮೆಹುಳು ಸಾಕುವ ಮನೆಗೂ ಅವಳ ಹಿಂದೆ ತಿರುಗುತ್ತಿದ್ದವನು ಸಿಂಗಡು ಒಬ್ಬನೇ. ಅವಳದು ನಮ್ಮ ಜೊತೆ ಕನ್ನಡ, ಅವನ ಜೊತೆ ತೆಲುಗು. ಅವನಿಗೆ ಕನ್ನಡದ ಒಂದಕ್ಷರ ಬಾರದು. "ಬಾರೋ" ಅಂದರೆ ಬೇರೆ ಯಾರನ್ನೋ ಕರೆದರೆಂದು ಹಿಂದೆ ತಿರುಗಿ ನೋಡುವನು. "ಪಡುಕೋ" ಅಂದರೆ ಮಲಗುವನು, "ಲೇ" ಅಂದರೆ ಏಳುವನು.

ಹೋದ ಶ್ರಾವಣದಲ್ಲಿ ಟೊಮೆಟೊ ತುಂಬಿದ ಟೆಂಪೊ ಹಿಂದಕ್ಕೆ ಬರುತ್ತಾ ಅವನ ಸೊಂಟದ ಮೇಲೆ ಹತ್ತಿತು. ಹಿಂಗಾಲೆರಡೂ ಬಿದ್ದುಹೋದವು. ಗೌರಿಬಿದನೂರಿನಲ್ಲಿ ತನುಜ ಅಂತ ಒಬ್ಬರು ಡಾಕ್ಟರು, ನಾಯಿಗಳಿಗೆ ಫಿಸಿಯೋಥೆರಪಿ ಮಾಡುತ್ತಾರೆಂದು ಯಾರೋ ಹೇಳಿದರು. ಎದುರುಮನೆ ವೆಂಕಟರಾಯಪ್ಪ ಜಗಲಿಯಿಂದಲೇ ಕೂಗಿದ.

"ನನ್ ಮಂಡಿನೇ ಯಾರೂ ಮುಟ್ಟಲ್ಲ ಕಣೇ, ನಾಯಿ ಕಾಲು ಒತ್ತಕ್ಕೆ ಡಾಕ್ಟ್ರಾ? ನಾನೂ ಬೊಗಳ್ಲಾ?"

"ದಿನಾ ಬೊಗಳ್ತಾನೇ ಇದೀಯಲ್ಲಣ್ಣ, ಯಾರ್ ಬಂದ್ರು?" ಅಂದವಳೇ ಕೊಂಡಮ್ಮ ಸಿಂಗಡುವನ್ನು ಹಲಗೆಯ ಮೇಲೆ ಮಲಗಿಸಿಕೊಂಡು ಆಟೊ ಹತ್ತಿದಳು.

ತನುಜ ಎಕ್ಸ್‌ರೇ ತೋರಿಸಿ ಹೇಳಿದರಂತೆ: "ಬೆನ್ನೆಲುಬು ಬಿರುಕು ಬಿಟ್ಟಿದೆ ಅಮ್ಮ. ಕೂಡೋವರ್ಗೂ ಅವನಾಗೇ ಏಳಬಾರ್ದು. ಎದ್ದಷ್ಟೂ ಒಳಗಿನ ನರ ಕೆಡುತ್ತೆ. ಮಲಗಿಸ್ಕೊಂಡೇ ಕಾಲು ಮಡಚಿ ಬಿಡಿಸಿ, ಸೈಕಲ್ ತುಳಿಸ್ದಂಗೆ. ಆಮೇಲೆ ನಿಲ್ಲಿಸಣ."

ಮಡಚುವುದು, ಬಿಡಿಸುವುದು, ಪಾದ ಉಜ್ಜುವುದು ಕೊಂಡಮ್ಮನಿಗೆ ಒಂದೇ ಸಲಕ್ಕೆ ಬಂತು. ಬಾರದೆ ಹೋದದ್ದು ಬೀದಿಯ ಬಾಯಿ ಮುಚ್ಚಿಸುವುದು. ನಮ್ಮ ಕಡೆ ಹೆಂಡತಿಯೂ ಲೇ, ಗೆಳೆಯನೂ ಲೇ, ಸಿಟ್ಟು ಬಂದರೆ ಎಮ್ಮೆಯೂ ಲೇ. ಯಾರು ಯಾರನ್ನು ಕರೆದರೂ ಸಿಂಗಡು ಮುಂಗಾಲು ಊರಿ ಮೈಯೆತ್ತುವನು, ನಡುಗುವನು, ದೊಪ್ಪನೆ ಬೀಳುವನು. ಕೊಂಡಮ್ಮ ಮನೆಮನೆಗೂ ಹೋಗಿ ಕೈಮುಗಿದಳು.

"ಲೇ ಅನ್ಬೇಡ್ರಪ್ಪಾ. ನನ್ ಕೂಸು ಎದ್ದುಬಿಡ್ತದೆ."

"ಅಷ್ಟೇ ತಾನೇ? ಅನ್ನಲ್ಲ ಬಿಡು ತಾಯಿ," ಅಂದ ವೆಂಕಟರಾಯಪ್ಪ, ಬೀದಿಗೇ ಕೇಳುವಂತೆ ಕೂಗಿ ಹೇಳಿದ: "ಲೇ, ಇವತ್ತಿಂದ ಯಾರೂ ಲೇ ಅನ್ಬೇಡ್ರೋ ಲೇ!"

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವಳ ಮನೆಯೊಳಗೆ ದೊಪ್ಪೆಂದು ಸದ್ದಾಯಿತು. ಕೊಂಡಮ್ಮ ಓಡಿದಳು.

ಹುಳುಮನೆಗೆ ಸುತ್ತ ದಪ್ಪ ಗೋಡೆ. ಆ ಬೆಳೆಗೆ ಹುಳು ತರದೆ, ಖಾಲಿ ತಟ್ಟೆಗಳ ನಡುವೆ ಗೋಣಿ ಹಾಸಿ ಅವನನ್ನು ಅಲ್ಲಿಗೆ ಸಾಗಿಸಿದಳು. ಬೀದಿಯವರೂ ನಾಲಿಗೆ ಕಚ್ಚಿಕೊಂಡೇ ಮಾತಾಡಿದರು. ಲೇ ಅನ್ನಲಾಗದೆ ವೆಂಕಟರಾಯಪ್ಪ ಹೆಂಡತಿಯನ್ನು "ರೀ" ಅಂದುಬಿಟ್ಟ. ಅವಳು ಹೆದರಿ ತವರಿಗೆ ಫೋನ್ ಮಾಡಿದಳು.

ಕಾರ್ತಿಕದಲ್ಲಿ ತನುಜ ತಾವೇ ಬಂದರು. ಎಲುಬು ಕೂಡಿತ್ತು. ಸಿಂಗಡುವಿನ ಹೊಟ್ಟೆಯ ಕೆಳಗೆ ಟವೆಲ್ ತೂರಿಸಿ ಎರಡೂ ತುದಿ ಹಿಡಿದು, "ಈಗ ಕರೀರಮ್ಮ," ಅಂದರು.

ಕೊಂಡಮ್ಮ ಅವನ ಮುಂದೆ ಬಗ್ಗಿ ಮಗನನ್ನು ಕರೆದಂತೆ ಕರೆದಳು. "ಲೇ ನಾಯನಾ. ಲೇ."

ಮುಂಗಾಲು ಎದ್ದವು. ಹಿಂಗಾಲು ಟವೆಲಿನಿಂದ ಒದ್ದೆ ಬಟ್ಟೆಯ ಹಾಗೆ ಜೋತವು. ತನುಜ ಹಿಂಗಾಲಿನ ಬೆರಳು ಚಿವುಟಿದರು. ಇನ್ನೂ ಜೋರಾಗಿ ಚಿವುಟಿದರು. ಅವನು ಕೊಂಡಮ್ಮನ ಮುಖವನ್ನೇ ನೋಡುತ್ತಿದ್ದ, ತಾನು ಎದ್ದಾಯಿತಲ್ಲ ಅನ್ನುವಂತೆ.

"ಎಲುಬು ಕೂಡಿದೆ ಅಮ್ಮ. ನರ..." ಅಂದು ತನುಜ ಟವೆಲನ್ನು ನಿಧಾನವಾಗಿ ಇಳಿಸಿದರು.

ಬಾಗಿಲು ತೆರೆದೇ ಇತ್ತು. ಕೆರೆಯ ಕಡೆಯಿಂದ ಯಾರೋ ಯಾರನ್ನೋ ಕರೆದರು, "ಲೇ!" ಸಿಂಗಡು ಮತ್ತೆ ಮುಂಗಾಲು ಊರಿದ. ಕೊಂಡಮ್ಮ ಕುಳಿತುಕೊಂಡು ಅವನ ಎರಡೂ ಕಿವಿ ಮುಚ್ಚಿದಳು.

"ಪಡುಕೋ ನಾಯನಾ, ಪಡುಕೋ. ಕರ್ದಿದ್ದು ನಿನ್ನಲ್ಲ."