ಹೊಸಹಳ್ಳಿ ಅಂದರೆ ಯಾವ ಹೊಸಹಳ್ಳಿ

ಮೊದಲ ಪರೀಕ್ಷೆಯಲ್ಲಿ ನಾನು ಫೇಲಾದಾಗ ಪರೀಕ್ಷಕರು ನನ್ನ ಹಾಳೆಯ ಮೇಲೆ ಒಂದೇ ಸಾಲು ಬರೆದಿದ್ದರು: "ಉತ್ತರ ಕೇಳಿಸಿಕೊಳ್ಳುತ್ತಾಳೆ, ಉತ್ತರ ಕೊಟ್ಟವರು ಯಾರೆಂದು ಗಮನಿಸುವುದಿಲ್ಲ." ಆ ಸಾಲನ್ನು ದಿನಚರಿಯಲ್ಲಿ ಬರೆದುಕೊಂಡು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಹತ್ತು ದಿನದ ರಜೆಗೆ ಕೊಟ್ಟೂರಿಗೆ ಬಂದೆ.

ನಾನು ಆಗ ವಿಮಾನ ಸಂಚಾರ ನಿಯಂತ್ರಣದ ತರಬೇತಿಯಲ್ಲಿದ್ದೆ. ಎಷ್ಟು ಎತ್ತರಕ್ಕೆ ಇಳಿಯಬೇಕು, ಯಾವ ಕಡೆ ತಿರುಗಬೇಕು ಎಂದು ಪೈಲಟ್‌ಗಳಿಗೆ ನೆಲದಿಂದ ರೇಡಿಯೋದಲ್ಲಿ ಹೇಳುವ ಕೆಲಸ. ಹೇಳಿದ್ದನ್ನು ಅವರು ತಿರುಗಿ ಹೇಳಬೇಕು. ಇಳಿಯುವ ಹೊತ್ತಿನಲ್ಲಿ ಅವರಿಗೆ ಕೈತುಂಬ ಕೆಲಸ. ಮಾತು ತಪ್ಪಿಹೋಗುವುದು ಆಗಲೇ. ತಪ್ಪಿಹೋದದ್ದನ್ನು ಹಿಡಿಯಬೇಕಾದವಳು ನಾನು. ಎರಡನೇ ಪರೀಕ್ಷೆಯಲ್ಲೂ ಹಿಡಿಯದಿದ್ದರೆ ಮುಂದಿನ ತಂಡದ ಜೊತೆ ತರಬೇತಿ ಮೊದಲಿನಿಂದ.

ನಮ್ಮದು ಬಸ್ ನಿಲ್ದಾಣದ ಹಿಂದಿನ ಸಣ್ಣ ಖಾನಾವಳಿ. ಅವ್ವ ರೊಟ್ಟಿ ಬಡಿದು ಬೇಯಿಸುತ್ತಾಳೆ, ಚಿಕ್ಕಪ್ಪನ ಹೆಂಡತಿ ಚಿಗವ್ವ ಬಡಿಸುತ್ತಾಳೆ. ಮಧ್ಯಾಹ್ನ ಕೂಡ್ಲಿಗಿ ಬಸ್ಸೂ ಹರಪನಹಳ್ಳಿ ಬಸ್ಸೂ ಒಟ್ಟಿಗೆ ಬಂದರೆ ಇಬ್ಬರಿಗೂ ತಲೆ ಕೆರೆದುಕೊಳ್ಳಲು ಪುರುಸೊತ್ತಿಲ್ಲ. ಇವರಿಗಿಂತ ಒಳ್ಳೆಯ ಪೈಲಟ್‌ಗಳು ನನಗೆ ಎಲ್ಲಿ ಸಿಗಬೇಕು?

ಒಲೆಯ ಪಕ್ಕದ ತಟ್ಟೆ ಸ್ಟ್ಯಾಂಡು ಆಕಾಶವಾಯಿತು. ಅದರ ಒಂದೊಂದು ಹಂತ ಒಂದೊಂದು ಸಾವಿರ ಅಡಿ. ಎರಡು ಸ್ಟೀಲ್ ಮುಚ್ಚಳ ಎರಡು ವಿಮಾನ. ಕರೆಯಲು ಹೆಸರು ಬೇಕಲ್ಲ, ಅವರವರ ತವರಿನ ಹೆಸರಿಟ್ಟೆ: ಅವ್ವ ಕಾನಹೊಸಹಳ್ಳಿ, ಚಿಗವ್ವ ಹೊಸಹಳ್ಳಿ.

"ನೀ ಅಂದದ್ದು ನಾ ತಿರುಗಿ ಅನ್ನೂದು, ಅಷ್ಟೇ ಹೌದಿಲ್ಲೋ?" ಎಂದಳು ಅವ್ವ. "ಇದಕ್ಕೊಂದು ಪರೀಕ್ಷಿ ಬ್ಯಾರೆ ಕೇಡು."

ಸೋಮವಾರ ಬೆಳಿಗ್ಗೆ, ಗಿರಾಕಿಗಳಿಲ್ಲದಾಗ: ಹೇಳಿದ್ದು ಹತ್ತು, ಸರಿಯಾಗಿ ತಿರುಗಿ ಬಂದದ್ದು ಹತ್ತು. ಅದೇ ಮಧ್ಯಾಹ್ನ: ಹೇಳಿದ್ದು ಹತ್ತು, ಸರಿ ಬಂದದ್ದು ನಾಲ್ಕು, ಬರೀ "ಹ್ಞೂಂ" ಐದು, "ಸುಮ್ನ ಇರ್ತೀಯೋ ಇಲ್ಲೋ" ಒಂದು. ಮಂಗಳವಾರ ಇನ್ನೊಂದು ಸಂಗತಿ ಕಂಡಿತು. ಒಂದೇ ಉಸಿರಿಗೆ ಮೂರು ಮಾತು ಹೇಳಿದರೆ ಒಂದಾದರೂ ಬಿದ್ದುಹೋಗುತ್ತದೆ; ರೊಟ್ಟಿ ಉಬ್ಬುವಾಗ ಹೇಳಿದರೆ ಮೂರೂ. ಸರಿ ಬಂದ ಒಂದೊಂದು ಉತ್ತರಕ್ಕೂ ದಿನಚರಿಯಲ್ಲಿ ಒಂದೊಂದು ಗೆರೆ, ಖುಷಿಯಿಂದ ಹಾಕುತ್ತ ಹೋದೆ.

ಹರಪನಹಳ್ಳಿ ಬಸ್ಸಿನ ಡ್ರೈವರಣ್ಣ ಊಟಕ್ಕೆ ಕೂತು ನನ್ನನ್ನೇ ನೋಡುತ್ತಿದ್ದರು. "ಏನವ್ವಾ, ವಿಮಾನ ಇಳಸಾಕತ್ತೀಯೋ, ರೊಟ್ಟಿ ಇಳಸಾಕತ್ತೀಯೋ?"

"ಎರಡೂ ರೀ."

"ಹಂಗಾರ ಮೊದ್ಲು ರೊಟ್ಟಿ ಇಳಸು. ನನ್ ಬಸ್ ಬಿಡೂ ಟೈಮ್ ಆತು."

ಗುರುವಾರ ಅದು ನಡೆಯಿತು. ಅವ್ವನ ಮುಚ್ಚಳ ಏಳು ಸಾವಿರದಲ್ಲಿತ್ತು, ಚಿಗವ್ವನದು ಅದರ ಕೆಳಗೆ ಆರರಲ್ಲಿ. ಚಿಗವ್ವ ಹೊರಗೆ ಸಾರು ಬಡಿಸುತ್ತಿದ್ದಳು. ಅವಳಿಗೆ ಕೇಳುವಂತೆ ಕೂಗಿದೆ: "ಹೊಸಹಳ್ಳಿ, ಐದು ಸಾವಿರಕ್ಕ ಇಳಿ."

"ಹೊಸಳ್ಳಿ, ಐದು ಸಾವಿರಕ್ಕ ಇಳೀತೀನಿ."

ಒಳ್ಳೆಯ ಉತ್ತರ. ಚಿಗವ್ವನ ಮುಚ್ಚಳವನ್ನು ಐದಕ್ಕೆ ಇಳಿಸಿ ಗೆರೆ ಹಾಕಿದೆ. ಅಷ್ಟರಲ್ಲಿ ಅವಳು ಖಾಲಿ ಪಾತ್ರೆ ಹಿಡಿದು ಒಳಗೆ ಬಂದಳು.

"ನನ್ ಮುಚ್ಚಳ ಯಾಕ ಕೆಳಗ ಐತಿ? ನನಗೇನೂ ಹೇಳೇ ಇಲ್ಲಲ್ಲ ನೀನು."

"ಈಗರ ಇಳೀತೀನಿ ಅಂದಿ."

"ನಾ ಎಲ್ಲಿ ಅಂದೆ? ನಾ ಸಾರು ಹಾಕಾಕತ್ತಿದ್ದೆ."

"ಅಂದಾಕಿ ನಾನು," ಎಂದಳು ಅವ್ವ, ಹಂಚಿನಿಂದ ಕಣ್ಣು ತೆಗೆಯದೆ.

"ನೀನು ಕಾನಹೊಸಹಳ್ಳಿ ಅಲ್ಲೇನವ್ವ?"

"ಕಾನಹೊಸಹಳ್ಳಿ ಅಂತ ಬಸ್ಸಿನ ಬೋರ್ಡಿನ್ಯಾಗ ಬರೀತಾರ. ನಾವು ಹೊಸಳ್ಳಿ ಅಂತೀವಿ."

"ಹಂಗಾರ ನಮ್ಮೂರಿಗೆ ಏನಂತೀಯಕ್ಕಾ?" ಚಿಗವ್ವ ಬಿಡಲಿಲ್ಲ.

"ನಿಮ್ದು ಸಣ್ಣ ಹೊಸಳ್ಳಿ."

ಅವರಿಬ್ಬರೂ ಊರಿನ ದೊಡ್ಡಸ್ತಿಕೆಗೆ ಇಳಿದರು. ನಾನು ಸ್ಟ್ಯಾಂಡಿನ ಮುಂದೆ ನಿಂತೇ ಇದ್ದೆ. ಅವ್ವ ಏಳರಿಂದ ಐದಕ್ಕೆ ಇಳಿಯಬೇಕಾದರೆ ಆರನ್ನು ದಾಟಬೇಕು. ಆರರಲ್ಲಿ ಏನೂ ಕೇಳಿಸಿಕೊಳ್ಳದ ಚಿಗವ್ವ ಇದ್ದಳು. ನಾನು "ಐದು ಸಾವಿರ" ಎಂಬ ಮಾತಿಗೆ ಕಾಯುತ್ತಿದ್ದೆ, ಅದು ಬಂತು, ಅಷ್ಟೇ ಸಾಕಾಯಿತು. ಹುಟ್ಟಿದಾಗಿನಿಂದ ಕೇಳಿದ ಅವ್ವನ ದನಿಯನ್ನೇ ಗುರುತಿಸಿರಲಿಲ್ಲ. ದಿನಚರಿ ತೆಗೆದು ಪರೀಕ್ಷಕರ ಸಾಲಿನ ಪಕ್ಕದ ಪ್ರಶ್ನಾರ್ಥಕ ಚಿಹ್ನೆಯನ್ನು ಹೊಡೆದುಹಾಕಿದೆ.

ಹೆಸರುಗಳನ್ನು ಬೇಕೆಂದೇ ಬದಲಿಸಲಿಲ್ಲ. ಪ್ರತಿ ಉತ್ತರದಲ್ಲೂ ಮೊದಲು ದನಿ, ಆಮೇಲೆ ಹೆಸರು, ಕೊನೆಗೆ ಎತ್ತರದ ಸಂಖ್ಯೆ ಕೇಳುವುದನ್ನು ಅಭ್ಯಾಸ ಮಾಡಿದೆ. ರಜೆಯ ಕೊನೆಯ ಮಧ್ಯಾಹ್ನ: ಹೇಳಿದ್ದು ಇಪ್ಪತ್ತು, ಅವರು ತಪ್ಪಿದ್ದು ಒಂಬತ್ತು, ನಾನು ಹಿಡಿದದ್ದು ಒಂಬತ್ತು.

ಎರಡನೇ ಪರೀಕ್ಷೆಯಲ್ಲಿ ಎದುರಿಗೆ ಪರದೆ. ಪೈಲಟ್‌ಗಳಾಗಿ ಮಾತಾಡುವವರು ಗೋಡೆಯಾಚೆ. ಹದಿನೈದನೇ ನಿಮಿಷಕ್ಕೆ ಪರದೆಯ ತುಂಬ ವಿಮಾನಗಳು. ಅವುಗಳಲ್ಲಿ ಎರಡನ್ನು ಕರೆಯುವ ಹೆಸರಿನ ಸಂಖ್ಯೆ ಒಂದೇ ಥರ ಮುಗಿಯುತ್ತಿತ್ತು, ಒಂದರ ಮೇಲೊಂದು ಹಾರುತ್ತಿದ್ದವು. ಕೆಳಗಿನದಕ್ಕೆ ಇಳಿಯಲು ಹೇಳಿದೆ. ಎತ್ತರ ಸರಿಯಾಗಿಯೇ ತಿರುಗಿ ಬಂತು. ಆದರೆ ದನಿ ಮೇಲಿನ ವಿಮಾನದ ಪೈಲಟ್‌ನದು.

ಇದೇ, ಇದೇ ಎಂದು ಒಳಗೊಳಗೇ ಕುಣಿದೆ. ಮೇಲಿನದಕ್ಕೆ ಇದ್ದ ಎತ್ತರದಲ್ಲೇ ಇರಲು ಹೇಳಿ, ಅದು ತಿರುಗಿ ಹೇಳಿದ ಮೇಲೆ ಕೆಳಗಿನದನ್ನು ಪೂರ್ತಿ ಹೆಸರಿನಿಂದ ಮತ್ತೆ ಕರೆದೆ. ಪರೀಕ್ಷಕರು ಈ ಸಲ ಬರೆದದ್ದು ಒಂದೇ ಪದ: "ಗಮನಿಸಿದಳು."

ಹೊರಗೆ ಬಂದು ಫೋನ್ ಮಾಡಿದಾಗ ಮಧ್ಯಾಹ್ನ ಒಂದೂಕಾಲು, ಅವ್ವನಿಗೆ ಬಿಡುವಿಲ್ಲದ ಹೊತ್ತು. ಗೊತ್ತಿದ್ದೂ ಮೂರು ಮಾತನ್ನು ಒಟ್ಟಿಗೆ ಹೇಳಿಬಿಟ್ಟೆ. "ಅವ್ವಾ, ಪಾಸಾದ್ನಿ, ನಾಡಿದ್ದು ಬರ್ತೀನಿ, ಮಧ್ಯಾಹ್ನದ ಬಸ್ಸಿಗೆ."

"ಹ್ಞೂಂ."

"ನಾ ಏನಂದೆ, ತಿರುಗಿ ಹೇಳು."

"ನಾಡಿದ್ದು ಮಧ್ಯಾಹ್ನದ ಬಸ್ಸಿಗೆ ಬರ್ತೀ."

"ಮೊದ್ಲು ಹೇಳಿದ್ದು?"

"ಮೊದ್ಲು ಏನ್ ಹೇಳಿದಿ? ತಡಿ, ರೊಟ್ಟಿ ಸೀಯಾಕತ್ತೈತಿ."

ರೊಟ್ಟಿ ಹಂಚಿನಿಂದ ಇಳಿಯುವ ತನಕ ಕಾದೆ. ಆಮೇಲೆ ಒಂದೇ ಮಾತು ಹೇಳಿದೆ. "ಪಾಸಾದ್ನಿ."

ಅವ್ವ ನನಗೆ ತಿರುಗಿ ಹೇಳಲಿಲ್ಲ. ಹೊರಗಿನ ಟೇಬಲುಗಳ ಕಡೆ ಕೂಗಿದಳು: "ಏ ಸಣ್ಣ ಹೊಸಳ್ಳಿ, ಪಾಸಾಗ್ಯಾಳ ಅಂತ."

ತಟ್ಟೆಗಳ ಸದ್ದಿನ ನಡುವೆ, ದೂರದಿಂದ, ಚಿಗವ್ವನದೇ ದನಿ: "ಪಾಸಾಗ್ಯಾಳ."

ಗೆರೆ ಹಾಕಿದೆ.